ಫೆದರ್‌ಸ್ಟನ್–ಎಲ್ಮ್‌ಕ್ರೀಕ್ ಸವಾರಿ

ಸೆಪ್ಟೆಂಬರ್ 14

ಗಂಟೆ ಹೊಡೆಯಿತು, ಪರದೆ ಎದ್ದಿತು, ಇನ್ನು ಹಿಂದೆ ಸರಿಯುವ ಮಾತಿಲ್ಲ! ಬೆಳಿಗ್ಗೆ ಚುನಾವಣೆ ಘೋಷಣೆಯಾಯಿತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆ ಮುಂದಿನ ಹುಲ್ಲಿನಲ್ಲಿ ನನ್ನದೇ ಹೆಸರು ನೆಟ್ಟು ನಿಂತಿತ್ತು. ಹಳದಿ ಫಲಕ, ಕಪ್ಪು ಅಕ್ಷರ: ಎರ್ಮೀನಿಯೊ ಫಗುಂದೆಸ್. ರಸ್ತೆಯ ಆ ಬದಿಯಿಂದ ನೋಡಿದೆ. ಈ ಬದಿಯಿಂದ ನೋಡಿದೆ. ಸಾಲದೆ ಕಾರು ಹತ್ತಿ, ಒಂದು ಸುತ್ತು ಹಾಕಿ ಬಂದು, ಯಾರೋ ದಾರಿಹೋಕನ ಹಾಗೆ ನೋಡಿದೆ. ಎಲ್ಲ ದಿಕ್ಕಿನಿಂದಲೂ ಭವ್ಯ!

ಈ ದೇಶದಲ್ಲಿ ಕ್ಷೇತ್ರಕ್ಕೆ ರೈಡಿಂಗ್ ಅನ್ನುತ್ತಾರೆ. ಸವಾರಿ. ಅಟ್ಲಾಂಟಿಕ್ ನಡುವಿನ ನಮ್ಮ ತೆರ್ಸೇರಾ ದ್ವೀಪದಿಂದ ಬಂದ ಹೊಸದರಲ್ಲಿ ಅಪ್ಪ ಆ ಮಾತು ಕೇಳಿ, ಕುದುರೆ ಎಲ್ಲಿ ಕಟ್ಟಿದ್ದಾರೆ ಎಂದು ವಿಚಾರಿಸಿದ್ದರಂತೆ. ಕುದುರೆಯಿಲ್ಲ ಅಪ್ಪಾ. ನಿನ್ನ ಮಗನ ಎರಡು ಕಾಲು, ಒಂದು ಗಂಟಲು. ಕ್ಷೇತ್ರದ ದಕ್ಷಿಣಕ್ಕೆ ಹೆದ್ದಾರಿ, ಉತ್ತರಕ್ಕೆ ಗೋದಾಮುಗಳ ಸಾಲು ಮತ್ತು ಅವುಗಳ ನೆತ್ತಿ ಸವರಿಕೊಂಡು ಇಳಿಯುವ ವಿಮಾನಗಳು. ನಡುವೆ ವಿದ್ಯುತ್ ಗೋಪುರಗಳ ಪಟ್ಟಿ. ಪಟ್ಟಿಯ ಈಚೆ ಫೆದರ್‌ಸ್ಟನ್: ನಮ್ಮವರು, ಇಟಲಿಯವರು, ಹಿತ್ತಿಲ ದ್ರಾಕ್ಷಿ ಚಪ್ಪರ, ಗ್ಯಾರೇಜಿನಲ್ಲಿ ಎರಡನೇ ಅಡಿಗೆಮನೆ. ಆಚೆ ಎಲ್ಮ್‌ಕ್ರೀಕ್: ಪಂಜಾಬಿನವರು, ತಮಿಳರು, ಕೆರಿಬಿಯನ್ ದ್ವೀಪದವರು, ಮೂರು ಕಾರಿನ ಹೊಸ ಮನೆಗಳು, ನೆಲಮಾಳಿಗೆಯಲ್ಲಿ ಬಾಡಿಗೆಯ ವಿದ್ಯಾರ್ಥಿಗಳು. ನಕಾಶೆ ಬರೆದ ಮಹಾನುಭಾವ ಇಬ್ಬರ ಹೆಸರಿನ ನಡುವೆ ಒಂದು ಅಡ್ಡಗೆರೆ ಎಳೆದು ಮದುವೆ ಮಾಡಿಸಿಬಿಟ್ಟ. ಆ ಮದುವೆಗೆ ಹಾಡು ಹೇಳುವವನು ನಾನೇ!

ಮೂವತ್ತು ವರ್ಷ ಕಟ್ಟಡಗಳ ಮೇಸ್ತ್ರಿ. ಅಷ್ಟೇ ವರ್ಷ ನಮ್ಮ ಕ್ಲಬ್ಬಿನ ಕಾರ್ನಿವಾಲ್ ನಾಟಕಗಳ ಮೇಸ್ತ್ರಿ: ಕತ್ತಿ ಹಿಡಿದು ಮುಂದೆ ನಿಂತು, ಮೈಕಿಲ್ಲದೆ ಕೊನೆಯ ಬೆಂಚಿನ ಮುದುಕನ ಎದೆ ನಡುಗಿಸಿದವನು. ಒಟ್ಟಾವಾದ ಸಂಸತ್ತಿಗೆ ಇನ್ನೇನು ಅರ್ಹತೆ ಬೇಕು?

ದಿಯೊಲಿಂದ ಕಿಟಕಿಯಿಂದ ಬಗ್ಗಿ ನೋಡಿದಳು. "ಏ ಮನುಷ್ಯಾ, ಕಂಬೀನ ನನ್ನ ಗುಲಾಬಿ ಬೇರಿಗೇ ಚುಚ್ಚಿದೀಯಲ್ಲ!"

ಹೆಂಡತಿಯರಿಗೆ ಚರಿತ್ರೆಯ ದೃಷ್ಟಿ ಇರುವುದಿಲ್ಲ.

ಸೆಪ್ಟೆಂಬರ್ 17

ಬಾಗಿಲು, ಬಾಗಿಲು, ಬಾಗಿಲು. ಕಿವಿಯಲ್ಲಿ ಕರೆಗಂಟೆ ನಿಲ್ಲುತ್ತಿಲ್ಲ.

ನನ್ನ ಪ್ರಚಾರದ ಹೊಣೆ ಹೊತ್ತವಳು ಮಾರ್ವಾ ಬ್ರಾಥ್‌ವೇಟ್. ಬಾರ್ಬಡೋಸಿನವಳು, ಶಾಲಾ ಬಸ್ಸು ಓಡಿಸುತ್ತಾಳೆ, ಎಲ್ಮ್‌ಕ್ರೀಕಿನ ಪ್ರತಿ ಮನೆಯ ಮಗುವಿನ ಹೆಸರು ಗೊತ್ತು. ನನಗೆ ಪಾಠ ಹೇಳಿದಳು: "ಮೇಸ್ತ್ರೀ, ಮೊದಲು ಹೆಸರು ಹೇಳಿ. ಆಮೇಲೆ ನಿಮಗೇನು ಬೇಕು ಅಂತ ಕೇಳಿ. ಆಮೇಲೆ ಬಾಯಿ ಮುಚ್ಚಿ. ಮೂರನೇದೇ ಮುಖ್ಯ."

"ಬಾಯಿ ಮುಚ್ಕೊಂಡು ನಿಂತ ಅಭ್ಯರ್ಥಿನ ಎಲ್ಲಾದ್ರೂ ಕಂಡಿದೀಯೇನಮ್ಮಾ?"

"ಗೆದ್ದೋರಲ್ಲಿ ಕಂಡಿದೀನಿ."

ಮೊದಲ ಬಾಗಿಲಿನ ಇಟಲಿ ಮುದುಕ: "ನಿನ್ನ ದನಿಗೆ ನನ್ನ ನಾಯಿ ಮಂಚದ ಕೆಳಗೆ ಸೇರ್ಕೊಂಡಿದೆ. ಅದನ್ನ ಹೊರಗೆ ತೆಗ್ಸು, ಆಮೇಲೆ ದೇಶದ ಮಾತು." ಎಲ್ಮ್‌ಕ್ರೀಕಿನ ಒಬ್ಬ ತಾಯಿ: "ಕಸದ ಗಾಡಿ ವಾರವಾರ ಬರೋ ಹಾಗೆ ಮಾಡ್ತೀರಾ?" ಅದು ನಗರಸಭೆಯ ಕೆಲಸ ತಾಯಿ, ನಾನು ಒಟ್ಟಾವಾಕ್ಕೆ ಹೋಗುವವನು ಎಂದೆ. "ಹಾಗಾದ್ರೆ ಹೋಗ್ಬಿಟ್ಟು ಬನ್ನಿ" ಎಂದು ಬಾಗಿಲು ಹಾಕಿಕೊಂಡಳು.

ಆದರೂ ಗಂಟಲು ಚೆನ್ನಾಗಿದೆ. ಮನೆಗೆ ಬಂದಾಗ ಸೂಪು ಆರಿತ್ತು. ನಿಂತೇ ಕುಡಿದೆ.

ಸೆಪ್ಟೆಂಬರ್ 22

ಮಳೆ. ಮಾರ್ವಾ ಇವತ್ತು ಬೇಡ ಎಂದಳು. ಬೇಡವಂತೆ! ಗ್ಯಾರೇಜಿನಲ್ಲಿ ಅತ್ತಿಂದಿತ್ತ ನಡೆದೆ. ಕುರ್ಚಿ ಮುಳ್ಳಾಗಿದೆ. ಕೂತರೆ ಮೊಣಕಾಲು ತಾನಾಗಿಯೇ ಕುಣಿಯುತ್ತದೆ.

ಸೆಪ್ಟೆಂಬರ್ 27

ಇಗರ್ಜಿಯ ಪೂಜೆ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಒಂದು ಸಣ್ಣ ಭಾಷಣ. ಪಾದ್ರಿ ಗೌವೇಯಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಎರ್ಮೀನಿಯೊ, ಒಳಗೆ ನಾನು ಮಾತಾಡ್ಬೇಕಾದ್ರೆ ನಿದ್ದೆ ಮಾಡ್ತಿದ್ದೆ. ಹೊರಗೆ ಬಂದು ನನ್ನ ಜನಾನ ಎಬ್ಬಿಸ್ತಿದೀಯ." ಎಲ್ಲ ನಕ್ಕರು. ನಗಲಿ! ನಗುವ ಜನ ಮತ ಹಾಕುತ್ತಾರೆ.

ಊಟಕ್ಕೆ ಕೂರುವ ಮೊದಲೇ ಫೋನು. ದಿಯೊಲಿಂದ ಅದು ಮುಗಿಯುವವರೆಗೆ ಕಾದಳು. "ನಿನ್ನತ್ರ ಒಂದು ಮಾತಿತ್ತು. ಆ ಅಂಚೆ ಪೆಟ್ಟಿಗೆ ವಿಷಯ."

"ಚಾವಿ ಮೊಳೆಗೆ ನೇತಾಕಿದೀನಿ, ನೋಡು."

"ಚಾವಿ ಅಲ್ಲ."

ಮತ್ತೆ ಫೋನು. ತಮಿಳರ ದೇವಸ್ಥಾನದ ಕಾರ್ಯದರ್ಶಿ! ಎದ್ದು ಹೋದೆ. ಮರಳಿ ಬಂದಾಗ ತಟ್ಟೆ ತೊಳೆದಿಟ್ಟಿದ್ದಳು. ನನ್ನ ತಟ್ಟೆಯನ್ನೂ. ನಾನು ಇನ್ನೂ ಉಂಡಿರಲಿಲ್ಲ ಎಂದು ಈಗ ನೆನಪಾಗುತ್ತಿದೆ.

ಅಕ್ಟೋಬರ್ 2

ಆಹಾ, ಇವತ್ತಿನ ರಂಗ! ಹೈಸ್ಕೂಲಿನ ಸಭಾಂಗಣ, ಮೂರು ಮೇಜು, ನಾಲ್ಕು ನೂರು ಜನ. ಅಭ್ಯರ್ಥಿಗಳ ಚರ್ಚೆ. ನೇರಳೆ ಪಕ್ಷದಿಂದ ಜಸ್ಲೀನ್ ಸೇಖೋಂ: ಪ್ಲಾಜಾದಲ್ಲಿ ಔಷಧಿ ಅಂಗಡಿ ನಡೆಸುವ ಹುಡುಗಿ, ಮೂವತ್ನಾಲ್ಕೋ ಐದೋ, ತಗ್ಗಿದ ದನಿ. ಮೂರನೆಯವನು ಜ್ವರ ಎಂದು ಬರಲೇ ಇಲ್ಲ. ಹೀಗಾಗಿ ದ್ವಂದ್ವಯುದ್ಧ!

ಮೈಕನ್ನು ಪಕ್ಕಕ್ಕೆ ಸರಿಸಿದೆ. "ಫೆದರ್‌ಸ್ಟನ್ನಿನ ಮಹಾಜನಗಳೇ! ಎಲ್ಮ್‌ಕ್ರೀಕಿನ ಬಂಧುಗಳೇ!" ಎಂದದ್ದೇ ತಡ, ಬಾಸ್ಕೆಟ್‌ಬಾಲ್ ಬುಟ್ಟಿಯ ಬಲೆ ಅಲುಗಾಡಿತು, ಆಣೆ. ಬೆವರಿನ ಬೆಲೆ ಹೇಳಿದೆ, ಅಪ್ಪನ ಪೆಟ್ಟಿಗೆ ಹೇಳಿದೆ, ಹಡಗು ಹೇಳಿದೆ. ಅಪ್ಪ ಬಂದದ್ದು ವಿಮಾನದಲ್ಲಿ. ಆದರೆ ರಂಗಕ್ಕೆ ಹಡಗೇ ಚಂದ. ಜನ ಎದ್ದು ನಿಂತು ಚಪ್ಪಾಳೆ.

ಜಸ್ಲೀನ್ ತನ್ನ ಸಮಯದಲ್ಲಿ ಎರಡು ಮಾತಾಡಿ, ಕೆಳಗೆ ಇಳಿದು, ಜನರ ಕೈಗೆ ಮೈಕು ಕೊಟ್ಟಳು. ಏನಿದು? ಪಾತ್ರಧಾರಿ ತನ್ನ ಮಾತನ್ನು ಪ್ರೇಕ್ಷಕರ ಬಾಯಿಗೆ ಕೊಡುವುದುಂಟೇ? ಒಬ್ಬಳು ಪಾಸ್‌ಪೋರ್ಟ್ ಎಂದಳು, ಒಬ್ಬ ವೃದ್ಧಾಪ್ಯ ವೇತನ ಎಂದ. ರಂಗ ಸಪ್ಪೆಯಾಗಿಹೋಯಿತು.

ಮಾರ್ವಾ ಮಾತ್ರ ಮುಖ ಗಂಟಿಕ್ಕಿದ್ದಳು. "ಚಪ್ಪಾಳೆ ನಿಮಗೆ ಬಂತು ಮೇಸ್ತ್ರೀ. ಜನರ ಫೋನ್ ನಂಬರು ಅವಳಿಗೆ ಸಿಕ್ತು."

ದಿಯೊಲಿಂದ ಕೊನೆಯ ಸಾಲಿನಲ್ಲಿದ್ದಳು. ನನ್ನ ಹಡಗಿನ ಹೊತ್ತಿಗೆ ಎದ್ದು ಹೋದದ್ದು ಕಾಣಿಸಿತು. ಬಸ್ಸಿನ ಸಮಯವಾಗಿರಬೇಕು.

ಅಕ್ಟೋಬರ್ 6

ದ್ರೋಹ! ಕೋಟೆಯೊಳಗೆ ಶತ್ರು!

ಸಂಜೆ ಮನೆಗೆ ಬಂದರೆ ಮೇಜಿನ ಮೇಲೆ ಎರಡು ಕಾಫಿ ಕಪ್ಪು. ನನ್ನ ಕುರ್ಚಿ ಹಿಂದಕ್ಕೆ ಸರಿದಿದೆ.

"ಯಾರು ಬಂದಿದ್ರು?"

"ಆ ಔಷಧಿ ಅಂಗಡಿ ಹುಡುಗಿ. ಜಸ್ಲೀನ್."

"ನನ್ನ ಮನೆಗೆ? ಮುಂದಿರೋ ಫಲಕ ಕಾಣಿಸ್ಲಿಲ್ವಾ ಅವಳಿಗೆ?"

"ಕಾಣಿಸ್ತಂತೆ. ಹಾಗೇ ಹೋಗೋಣ ಅಂತಿದ್ಳಂತೆ. ಆಮೇಲೆ, ಈ ಮನೇಲೂ ಮತದಾರರು ಇರ್ತಾರಲ್ಲ ಅಂತ ಗಂಟೆ ಒತ್ತಿದ್ಳಂತೆ."

"ನೀನು?"

"ಬಾಗಿಲು ಬಡಿದ್ರೆ ತೆಗೀತೀನಪ್ಪ."

"ಎಷ್ಟು ಹೊತ್ತಿದ್ಳು?"

"ಕಾಫಿ ಮುಗಿಯೋವರೆಗೂ. ಇನ್ನೊಂದು ಮಾಡ್ದೆ."

ಏನು ಮಾತಾಡಿದಿರಿ ಎಂದು ಕೇಳುವುದು ನನ್ನ ಗತ್ತಿಗೆ ಸಲ್ಲದು. ಕೇಳಲಿಲ್ಲ. ಕುರ್ಚಿಯನ್ನು ಅದರ ಜಾಗಕ್ಕೆ ತಳ್ಳಿ, ಜಾಕೆಟ್ಟು ತೊಟ್ಟು, ಇನ್ನೂ ಎರಡು ಬೀದಿ ಮಾಡಿ ಬಂದೆ. ಕೋಪದಲ್ಲಿ ಮಾತು ಚೆನ್ನಾಗಿ ಬರುತ್ತದೆ.

ಅಕ್ಟೋಬರ್ 9

ಹನ್ನೊಂದು ಫಲಕ ಗಾಳಿಗೆ ಬಿದ್ದಿವೆ. ನೇರಳೆಯವು ಬಿದ್ದಿಲ್ಲ. ಮರದ ಗೂಟ ಹೊಡೆದಿದ್ದಾರೆ, ನಮ್ಮದು ತಂತಿ ಕಾಲು. ಎತ್ತಿ ನಿಲ್ಲಿಸಿದೆ. ಬಿದ್ದವು. ಎತ್ತಿ ನಿಲ್ಲಿಸಿದೆ.

ಅಕ್ಟೋಬರ್ 12

ಮುಂಗಡ ಮತದಾನ ನಡೆಯುತ್ತಿದೆ. ಕ್ಲಬ್ಬಿನ ಮುದುಕರನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಹಾಕಿಸಿದೆ. ದಾರಿಯುದ್ದಕ್ಕೂ ಹಾಡು. ಬಾಪ್ಟಿಸ್ಟಾ ಎಂಬ ಕಿವುಡಜ್ಜ ವಾಪಸಾಗುವಾಗ "ಯಾರಿಗೆ ಹಾಕಿದ್ದು ನಾವು?" ಎಂದು ಕೇಳಿದ. ವ್ಯಾನು ಪಕ್ಕಕ್ಕೆ ನಿಲ್ಲಿಸಿ ತಲೆ ಚಚ್ಚಿಕೊಂಡೆ.

ಮನೆಗೆ ಬಂದರೆ ದಿಯೊಲಿಂದ ಕೋಟು ಬಿಚ್ಚುತ್ತಿದ್ದಾಳೆ. "ನಾನೂ ಮತ ಹಾಕ್ಬಿಟ್ಟು ಬಂದೆ. ಬಸ್ಸಲ್ಲಿ ಹೋಗಿದ್ದೆ."

"ಭೇಷ್! ವ್ಯಾನಲ್ಲಿ ಕರ್ಕೊಂಡೋಗ್ತಿದ್ನಲ್ಲ."

"ವ್ಯಾನು ತುಂಬಿತ್ತು."

ಎಲ್ಲೆಲ್ಲೋ ತೂಗಾಡುವ ಮತಗಳ ನಡುವೆ, ಇದೊಂದು ಜೇಬಿನಲ್ಲೇ ಇದೆ.

ಅಕ್ಟೋಬರ್ 18

ಉಗುರು ಕಚ್ಚಿ ಮುಗಿಯಿತು. ಇವತ್ತು ಒಂದು ಮನೆಯ ಗಂಟೆ ಒತ್ತಿ, ಬಾಗಿಲು ತೆರೆಯುವಷ್ಟರಲ್ಲಿ ಅದು ಯಾವ ಬೀದಿ ಎಂದೇ ಮರೆತಿದ್ದೆ. ಒಬ್ಬ ಅಜ್ಜಿ. ನಾನು ಏನೂ ಹೇಳದೆ ನಿಂತೆ. ಆಕೆ ತನ್ನ ಸೊಂಟನೋವಿನಿಂದ ಹಿಡಿದು ಅಳಿಯನ ಕುಡಿತದವರೆಗೆ ಹೇಳಿ, "ತುಂಬಾ ಚೆನ್ನಾಗಿ ಮಾತಾಡಿದ್ರಿ, ನಿಮಗೇ ಹಾಕ್ತೀನಿ" ಎಂದಳು. ಮಾರ್ವಾ ರಸ್ತೆಯಲ್ಲಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ನಾನು ಬರೆದುಕೊಂಡು ಹೋದ ಮಾತು ಒಂದೂ ಖರ್ಚಾಗಿರಲಿಲ್ಲ.

ಅಕ್ಟೋಬರ್ 21

ಗೆದ್ದೆ!

ನಿನ್ನೆ ಮತದಾನ. ಎಣಿಕೆ ಮುಗಿದಾಗ ಒಂಬತ್ತು ಮತಗಳ ಮುನ್ನಡೆ. ಒಂಬತ್ತು! ಕ್ಲಬ್ಬಿನಲ್ಲಿ ನನ್ನನ್ನು ಕುರ್ಚಿ ಸಮೇತ ಎತ್ತಿದರು, ಕುರ್ಚಿಯ ಕಾಲು ಮುರಿಯಿತು, ಸೊಂಟ ಹಿಡಿದಿದೆ, ಚಿಂತೆಯಿಲ್ಲ. ಅಂತರ ಇಷ್ಟು ಕಿರಿದಾದರೆ ನ್ಯಾಯಾಧೀಶರ ಮುಂದೆ ಮರುಎಣಿಕೆ ಆಗಲೇಬೇಕಂತೆ, ಕಾನೂನು. ಆಗಲಿ! ಎರಡು ಸಲ ಗೆಲ್ಲುವ ಭಾಗ್ಯ ಎಷ್ಟು ಜನಕ್ಕೆ?

ದಿಯೊಲಿಂದ ನನ್ನ ಕೋಟಿನ ಮೇಲಿದ್ದ ಬಿಯರು ಒರೆಸಿದಳು. "ಒಟ್ಟಾವಾದಲ್ಲಿ ಎಲ್ಲಿರ್ತೀಯ?"

"ವಾರಕ್ಕೆ ನಾಲ್ಕು ದಿನ ಅಲ್ಲಿ. ಬಾಡಿಗೆ ಕೋಣೆ."

"ಹೂಂ" ಎಂದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಅಕ್ಟೋಬರ್ 28

ಹೊಸ ಸೂಟು ತಂದೆ. ಕಡುನೀಲಿ. ಕನ್ನಡಿ ಮುಂದೆ "ಮಾನ್ಯ ಸಭಾಧ್ಯಕ್ಷರೇ" ಎಂದೆ. ಚೆನ್ನಾಗಿಲ್ಲ. "ಮಾನ್ಯ! ಸಭಾಧ್ಯಕ್ಷರೇ!" ಇದು ಪರವಾಗಿಲ್ಲ. ನಂತರ ಮಾಡಲು ಏನೂ ಉಳಿಯಲಿಲ್ಲ. ಹುಲ್ಲಿನಿಂದ ಫಲಕ ಕಿತ್ತೆ. ಗುಲಾಬಿ ಒಣಗಿದೆ.

ನವೆಂಬರ್ 3

ಕಾಯುವುದಕ್ಕೆ ನಾಟಕದಲ್ಲಿ ಪಾತ್ರವಿಲ್ಲ. ನನ್ನ ನಾಟಕಗಳಲ್ಲಿ ಯಾರೂ ಕಾಯುವುದಿಲ್ಲ. ದೂತ ಓಡಿ ಬರುತ್ತಾನೆ, ಸುದ್ದಿ ಹೇಳುತ್ತಾನೆ, ಕತ್ತಿ ಹೊರಬರುತ್ತದೆ. ಇಲ್ಲಿ ದೂತನಿಗೆ ಬದಲು ವಕೀಲ ಕೊವಾಲ್‌ಚುಕ್, ವಾರಕ್ಕೊಮ್ಮೆ ಒಂದು ಸಂದೇಶ: ಇನ್ನೂ ದಿನಾಂಕ ಗೊತ್ತಾಗಿಲ್ಲ.

ದಿಯೊಲಿಂದ ಬೀದಿ ಮೂಲೆಯ ಅಂಚೆ ಪೆಟ್ಟಿಗೆಗಳ ಕಡೆ ಹೊರಟಳು. ಒಟ್ಟಾವಾದವರು ಮನೆ ಬಾಗಿಲ ಅಂಚೆ ನಿಲ್ಲಿಸಿದ ಮೇಲೆ ಇಡೀ ಬೀದಿಯ ಪತ್ರ ಅಲ್ಲೇ ಬರುವುದು. ಕಿಟಕಿಯಿಂದ ನೋಡುತ್ತಿದ್ದೆ, ಮಾಡಲು ಬೇರೇನೂ ಇರಲಿಲ್ಲ. ಅಲ್ಲಿ ಬಿಸಿಲು ಬೀಳುವುದಿಲ್ಲ, ನೆಲ ಆಗಲೇ ಹಿಮಗಟ್ಟಿ ಮಿನುಗುತ್ತಿತ್ತು. ಒಂದು ಕೈಯಲ್ಲಿ ಬೇಲಿ ಹಿಡಿದು, ಕಾಲು ಉಜ್ಜುತ್ತ ಉಜ್ಜುತ್ತ ಹೋದಳು. ಕಳೆದ ಚಳಿಗಾಲದಲ್ಲಿ ಬಿದ್ದು ಮಣಿಕಟ್ಟು ಮುರಿದದ್ದು ಅಲ್ಲೇ. ಇಷ್ಟು ವಯಸ್ಸಾಗಿದೆಯೇ ಇವಳಿಗೆ? ಯಾವಾಗ ಆಯಿತು?

ಫೋನು ಬಂತು. ಮರುಎಣಿಕೆ ಹನ್ನೊಂದಕ್ಕೆ.

ನವೆಂಬರ್ 11

ನ್ಯಾಯಾಲಯದ ದೊಡ್ಡ ಕೋಣೆ. ಮೇಜುಗಳ ಸಾಲು, ಪ್ರತಿ ಮೇಜಿಗೆ ನಮ್ಮವನೊಬ್ಬ, ಅವರವನೊಬ್ಬ, ಎಣಿಸುವ ಅಧಿಕಾರಿಯೊಬ್ಬ. ಒಂದೊಂದೇ ಚೀಟಿ ಬಿಚ್ಚಿ, ಎತ್ತಿ ತೋರಿಸಿ, ಕೆಳಗಿಡುವುದು. ಇಲ್ಲಿ ಕೂಗಬಾರದಂತೆ, ಓಡಾಡಬಾರದಂತೆ, ಅಭ್ಯರ್ಥಿಗಳು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರಬೇಕಂತೆ. ಕೂರಬೇಕು! ಆ ಬೆಂಚಿನಲ್ಲಿ ನಾನು ಮತ್ತು ಜಸ್ಲೀನ್.

ಅವಳು ಚೀಲದಿಂದ ಡಬ್ಬಿ ತೆಗೆದು ಮುಂದೆ ಹಿಡಿದಳು. "ಪರಾಠ ತಗೊಳ್ಳಿ ಅಂಕಲ್. ಅಮ್ಮ ಇಬ್ಬರಿಗೂ ಸೇರ್ಸಿ ಕಟ್ಟಿದಾರೆ."

"ವಿಷ ಹಾಕಿಲ್ಲ ತಾನೇ?"

"ಔಷಧಿ ಅಂಗಡಿಯವಳು ಅಂಕಲ್ ನಾನು. ಹಾಕಿದ್ರೆ ಪ್ರಮಾಣ ಸರಿಯಾಗೇ ಹಾಕಿರ್ತೀನಿ."

ತಿಂದೆ. ಚೆನ್ನಾಗಿತ್ತು. ಸಂಜೆಗೆ ನನ್ನ ಒಂಬತ್ತು ಐದಾಗಿತ್ತು. ಬರೆಯಲಾರೆ.

ನವೆಂಬರ್ 12

ಮೂರು. ಮತ್ತೆ ನಾಲ್ಕು. ಮತ್ತೆ ಎರಡು.

ನವೆಂಬರ್ 13

ಇದನ್ನು ನಿಧಾನವಾಗಿ ಬರೆಯಬೇಕು.

ಮಧ್ಯಾಹ್ನಕ್ಕೆ ಎಣಿಕೆ ಮುಗಿಯಿತು. ತಕರಾರಿನ ಚೀಟಿಗಳನ್ನು ನ್ಯಾಯಾಧೀಶರು ತಮ್ಮ ಮೇಜಿಗೆ ತರಿಸಿಕೊಂಡರು. ಬೆಳ್ಳಿಗೂದಲ ಹೆಂಗಸು, ತುಂಬ ಸಣ್ಣ ದನಿ, ಆದರೂ ಕೋಣೆಯ ಕೊನೆಯವರೆಗೂ ಕೇಳುತ್ತಿತ್ತು. ಒಂದರಲ್ಲಿ ಇಬ್ಬರ ಹೆಸರಿಗೂ ಗುರುತು: ತಳ್ಳಿದರು. ಒಂದರಲ್ಲಿ ನಗುವ ಮುಖ: ನನಗೆ ಕೊಟ್ಟರು. ಒಂದೊಂದಾಗಿ ಕರಗಿ, ಕೊನೆಗೆ ಒಂದೇ ಚೀಟಿ ಉಳಿಯಿತು. ಅದನ್ನು ಬಿಟ್ಟರೆ ನಾವಿಬ್ಬರೂ ಸಮ. ಸರಿಸಮ. ಸಮವಾದರೆ ಇಲ್ಲಿ ಮತ್ತೆ ಚುನಾವಣೆ.

ಆ ಚೀಟಿ ಜಸ್ಲೀನ್ ಹೆಸರಿನ ಎದುರು ಗುರುತಾಗಿತ್ತು. ಮುಂಗಡ ಮತದ ಪೆಟ್ಟಿಗೆಯದು. ನೇರಳೆಯವರು ನಮ್ಮದು ಎನ್ನುತ್ತಿದ್ದರು, ಕೊವಾಲ್‌ಚುಕ್ ಅಲ್ಲ ಎನ್ನುತ್ತಿದ್ದ. ಕಾರಣ, ಅದು ಬರಿಯ ಗೀಟಲ್ಲ. ಅದನ್ನು ಗೋಡೆಯ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದರು.

ಗುರುತು ಹಾಕಲೆಂದು ಅಚ್ಚಾದ ದುಂಡು ವೃತ್ತ. ಅದರೊಳಗೆ ಅಂಚಿನಿಂದ ಅಂಚಿಗೆ ಒಂದು ನೇರ ಶಿಲುಬೆ. ಶಿಲುಬೆಯ ಬುಡದಲ್ಲಿ ಎರಡು ಗಿಡ್ಡ ಗೀಟು, ಪಾದಗಳ ಹಾಗೆ, ಎರಡೂ ಎಡಕ್ಕೆ ತಿರುಗಿದವು.

ನನ್ನ ಬಾಯಿಂದ ಒಂದು ಶಬ್ದ ಹೊರಟಿತು.

ನಮ್ಮ ದ್ವೀಪದ ಸೆರ್ರೇತಾ ಊರಿನ ಒಂದು ಓಣಿಯಲ್ಲಿ ಒಲೆ ಒಂದೇ ಇತ್ತು. ಓಣಿಯ ಮನೆಗಳ ಬ್ರೆಡ್ಡೆಲ್ಲ ಅದರಲ್ಲೇ ಒಟ್ಟಿಗೆ ಬೇಯುತ್ತಿತ್ತು. ಯಾರ ಬ್ರೆಡ್ಡು ಯಾರದೆಂದು ತಿಳಿಯಬೇಕಲ್ಲ. ಹಿಟ್ಟಿನ ಉಂಡೆ ಉಬ್ಬಲು ಇಡುವಾಗ ಪ್ರತಿ ಮನೆಯ ಹೆಂಗಸು ಅದರ ನೆತ್ತಿಯಲ್ಲಿ ಚಾಕುವಿನಿಂದ ತನ್ನ ಮನೆಯ ಗುರುತು ಕೊರೆಯುತ್ತಿದ್ದಳು. ನನ್ನ ಅತ್ತೆಯ ಮನೆಯ ಗುರುತು, ಎಡಕ್ಕೆ ನಡೆಯುವ ಶಿಲುಬೆ. ಓಣಿ ಈಗ ಖಾಲಿ. ಒಲೆಯಲ್ಲಿ ಹಂದಿಗಳಿವೆ ಎಂದು ಕೇಳಿದ್ದೇನೆ. ಆದರೆ ಆ ಮನೆಯ ಮಗಳ ಕೈಗೆ ದುಂಡಗಿನದು ಏನು ಸಿಕ್ಕರೂ ಹೀಗೆಯೇ ಗೀಟು ಬೀಳುತ್ತದೆ. ಪ್ರತಿ ಶನಿವಾರ, ನನ್ನ ಅಡಿಗೆಮನೆಯಲ್ಲಿ, ನನ್ನ ಕಣ್ಣೆದುರೇ, ಮದುವೆಯಾದಂದಿನಿಂದ.

ಕೊವಾಲ್‌ಚುಕ್ ವಾದಿಸುತ್ತಿದ್ದ: "ಮಾನ್ಯರೇ, ಮತದಾರ ಯಾರೆಂದು ಗುರುತು ಹಿಡಿಯಬಹುದಾದ ಚಿಹ್ನೆ ಚೀಟಿಯಲ್ಲಿದ್ದರೆ ಆ ಮತ ಅಸಿಂಧು. ಇದು ಯಾರೋ ಒಬ್ಬರ ಸ್ವಂತ ಗುರುತು, ಸ್ಪಷ್ಟ."

ನ್ಯಾಯಾಧೀಶರು ಹೇಳಿದರು: "ಯಾರದು? ಯಾರೂ ಗುರುತಿಸಲಾರದ ಚಿಹ್ನೆ ಬರಿಯ ಚಿತ್ತಾರ. ಇದು ಇಂಥವರದ್ದು ಎಂದು ಹೇಳುವವರು ಈ ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ?"

ಆಮೇಲೆ ನನ್ನ ಕಡೆ ತಿರುಗಿದರು. "ಶ್ರೀ ಫಗುಂದೆಸ್. ನೀವು ಏನೋ ಅಂದಿರಿ."

ಎದ್ದು ನಿಂತೆ. ಇಡೀ ಕೋಣೆ ನನ್ನ ಕಡೆ. ಇಂಥ ಗಳಿಗೆಗಾಗಿ ನಾನು ಹುಟ್ಟಿದ್ದೆನಲ್ಲವೇ? ಒಂದು ವಾಕ್ಯ ಸಾಕಾಗಿತ್ತು. "ಇದು ನನ್ನ ಹೆಂಡತಿಯದು" ಎಂದರೆ ಚೀಟಿ ಬಿತ್ತು, ಸಮವಾಯಿತು, ಮತ್ತೆ ಸವಾರಿ, ಮತ್ತೆ ಹಳದಿ, ಮತ್ತೆ ಬಾಗಿಲು. ಆ ವಾಕ್ಯ ನನ್ನ ನಾಲಗೆಯ ಮೇಲೆ ಬಂದು ಕೂತಿತ್ತು. ಅದರ ಹಿಂದೆಯೇ ಇನ್ನೊಂದು ಕೂಗು: ನನಗಲ್ಲವೇ? ನನಗೇ ಅಲ್ಲವೇ ಹೆಣ್ಣೇ?

ಹೇಳಿದರೆ ಅವಳ ಹೆಸರು ನ್ಯಾಯಾಲಯದ ಕಡತ ಸೇರುತ್ತದೆ. ಸಂಜೆಯೊಳಗೆ ಕ್ಲಬ್ಬಿಗೆ ತಲುಪುತ್ತದೆ, ಭಾನುವಾರ ಇಗರ್ಜಿಗೆ. ಅವಳು ಬಸ್ಸು ಹತ್ತಿ ಒಬ್ಬಳೇ ಹೋಗಿ, ಪರದೆಯ ಹಿಂದೆ ನಿಂತು ಮಾಡಿದ್ದನ್ನು ನಾನು ಈ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಬೇಕು.

"ಕೆಮ್ಮು ಬಂತು, ಮಾನ್ಯರೇ" ಎಂದೆ.

"ಈ ಗುರುತು ನಿಮಗೆ ಪರಿಚಿತವೇ?"

"ಇಲ್ಲ."

ಆಣೆ ಹಾಕಿಸಿರಲಿಲ್ಲ. ಹಾಕಿಸಿದ್ದರೂ ಅದನ್ನೇ ಹೇಳುತ್ತಿದ್ದೆನೋ ಏನೋ. ಮತ ಸಿಂಧುವಾಯಿತು. ಜಸ್ಲೀನ್ ಸೇಖೋಂ, ಒಂದು ಮತದಿಂದ.

ಅವಳು ಕುಣಿಯಲಿಲ್ಲ. ನನ್ನ ಕೈ ಹಿಡಿದು, "ಅಂಕಲ್, ಕೂತ್ಕೊಳ್ಳಿ ಸ್ವಲ್ಪ, ಮುಖ ಬಿಳಿಚಿದೆ" ಎಂದಳು. ಮಾರ್ವಾ ಕಾರಿಡಾರಿನವರೆಗೆ ಜೊತೆಗೆ ಬಂದು, ಅಲ್ಲಿ ನನ್ನನ್ನು ನಿಲ್ಲಿಸಿದಳು.

"ಆ ಗುರುತು ನಿಮಗೆ ಗೊತ್ತಿತ್ತು."

"ಇಲ್ಲಮ್ಮಾ."

"ನಾಟಕದ ಸುಳ್ಳಿಗೆ ನೀವು ದನಿ ಎತ್ತರಿಸ್ತೀರಿ ಮೇಸ್ತ್ರೀ. ಆ ಹಡಗಿನ ಕಥೇಲಿ ಎತ್ತರಿಸಿದ್ರಿ. ಇವತ್ತಿನ ಸುಳ್ಳು ಬೇರೆ ಥರ, ನನಗೇ ಸರಿಯಾಗಿ ಕೇಳಿಸ್ಲಿಲ್ಲ." ಕೋಟಿನ ಗುಂಡಿ ಹಾಕಿಕೊಂಡಳು. "ಇರ್ಲಿ. ಸೋಮವಾರ ಫಲಕ ಎಲ್ಲ ಕೀಳ್ಬೇಕು, ವ್ಯಾನು ತನ್ನಿ."

ಮನೆಯಲ್ಲಿ ದಿಯೊಲಿಂದ ಕೇಲ್ ಸೊಪ್ಪು ಹೆಚ್ಚುತ್ತಿದ್ದಳು.

"ಏನಾಯ್ತು?"

"ಸೋತೆ."

"ಎಷ್ಟರಲ್ಲಿ?"

"ಒಂದು."

ಚಾಕು ನಿಂತಿತು. "ಒಂದೇ?"

"ಒಂದೇ."

ಚಾಕುವಿಗೆ ಅಂಟಿದ ಸೊಪ್ಪನ್ನು ಬೆರಳಿನಿಂದ ಬಳಿದು ಹಲಗೆಗೆ ಹಾಕಿದಳು. "ಏ ಮನುಷ್ಯಾ, ನಾನು..."

"ಬೇಡ. ಈ ದೇಶದಲ್ಲಿ ಮತ ಗುಟ್ಟು."

"ಗುಟ್ಟೇನೂ ಇರ್ಲಿಲ್ಲ" ಎಂದಳು. "ನೀನು ಕೇಳ್ಲೇ ಇಲ್ಲ. ಕೇಳಿದ್ರೆ ಹೇಳ್ತಿದ್ದೆ."

ನಾನು ಹಿತ್ತಿಲಿಗೆ ಹೋದೆ. ಬೇಲಿಯಿಂದ ಚಪ್ಪರ, ಚಪ್ಪರದಿಂದ ಬೇಲಿ. ಕಾಲು ಸೋತು ಬರುವವರೆಗೆ.

ನವೆಂಬರ್ 14

ಮಾತಿಲ್ಲ. ಅವಳೂ ಆಡಲಿಲ್ಲ. ಸೂಟು ಮರಳಿಸಿದೆ.

ನವೆಂಬರ್ 15

ಪೂಜೆಗೆ ಹೋಗಲಿಲ್ಲ. ಜನರ ಸಮಾಧಾನದ ಮುಖ ನೋಡಲಾರೆ. ಅವಳು ಒಬ್ಬಳೇ ಹೋಗಿ ಬಂದಳು. ಯಾರೋ ಕೊಟ್ಟ ಕೇಕು ನನ್ನ ಮುಂದೆ ಇಟ್ಟಳು. ಬೈದುಬಿಡಬೇಕು ಅನ್ನಿಸುತ್ತದೆ. ಬೈಯಲು ಸರಿಯಾದ ಮಾತು ಸಿಗುತ್ತಿಲ್ಲ. ನನಗೆ! ಮಾತು ಸಿಗುತ್ತಿಲ್ಲ!

ನವೆಂಬರ್ 16

ಬೆಳಿಗ್ಗೆ ಮಾರ್ವಾ ಜೊತೆ ಎಲ್ಮ್‌ಕ್ರೀಕಿನ ಕಡೆಯ ಫಲಕಗಳನ್ನೆಲ್ಲ ಕಿತ್ತು ವ್ಯಾನಿಗೆ ತುಂಬಿದೆ. ನೆಲ ಗಟ್ಟಿಯಾಗಿದೆ, ತಂತಿ ಕಾಲು ಒಳಗೇ ಮುರಿಯುತ್ತವೆ. ಹನ್ನೊಂದಕ್ಕೆ ಅವಳ ಬಸ್ಸಿನ ಸಮಯ, ಹೊರಟಳು. ನಾನೊಬ್ಬನೇ ಫೆದರ್‌ಸ್ಟನ್ ಕಡೆ ಬೀದಿ ಬೀದಿ ಹಿಡಿದು ಬಂದೆ. ಕಾಲು ಎಷ್ಟು ಅಭ್ಯಾಸವಾಗಿಬಿಟ್ಟಿದೆಯೆಂದರೆ, ಫಲಕ ಕಿತ್ತ ಮನೆಗಳಲ್ಲೆಲ್ಲ ಮೆಟ್ಟಿಲು ಹತ್ತಲು ಹೊರಡುತ್ತಿತ್ತು. ತಡೆದು ತಡೆದು ಮುಂದೆ ಹೋದೆ.

ಒಂದು ಕಡೆ ತಡೆಯಲಾಗಲಿಲ್ಲ. ಮೆಟ್ಟಿಲು ಹತ್ತಿದೆ, ಗಂಟೆ ಒತ್ತಿದೆ, ಒಂದು ಹೆಜ್ಜೆ ಹಿಂದೆ ಸರಿದು ನಿಂತೆ, ಮಾರ್ವಾ ಕಲಿಸಿದ ಹಾಗೆ. ಒಳಗೆ ನೀರು ನಿಂತ ಸದ್ದು. ಚಪ್ಪಲಿಯ ಸದ್ದು. ಇಷ್ಟು ವರ್ಷದಲ್ಲಿ ಈ ಗಂಟೆ ಹೊರಗಿನಿಂದ ಹೇಗೆ ಕೇಳಿಸುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ದಿಯೊಲಿಂದ ಬಾಗಿಲು ತೆಗೆದಳು. "ಚಾವಿ ಮರೆತ್ಯಾ?"

"ಇಲ್ಲ."

"ಮತ್ತೆ?"

"ಎರ್ಮೀನಿಯೊ ಫಗುಂದೆಸ್" ಎಂದೆ. ಟೋಪಿ ತೆಗೆದೆ. "ಇದೇ ಬೀದಿಯವನು."

ಮೇಲಿನಿಂದ ಕೆಳಗೆ ನೋಡಿದಳು: ಕೆಸರಾದ ಬೂಟು, ಕಂಕುಳಲ್ಲಿ ಮುರಿದ ತಂತಿ. "ಈಗ ಯಾವ ಚುನಾವಣೆಗಪ್ಪಾ?"

"ಯಾವುದಕ್ಕೂ ಅಲ್ಲ. ನಿಮಗೇನು ಬೇಕು ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಆಮೇಲೆ ಬಾಯಿ ಮುಚ್ಚಿದೆ. ಅದು ಎಷ್ಟು ಕಷ್ಟ ಎಂದು ಯಾರಿಗೆ ಹೇಳಲಿ! ಅವಳು ಬಾಗಿಲ ಹಿಡಿಕೆ ಬಿಡದೆ ನಿಂತಳು. ಎದುರು ಮನೆಯ ಪೆಗ್ಗಿ ಪರದೆ ಸರಿಸಿ ನೋಡುತ್ತಿದ್ದಳು. ನೋಡಲಿ.

"ಸುಮ್ನೆ ಕೇಳಿ ಎದ್ದು ಹೋಗೋದಾದ್ರೆ ಬೇಡ" ಎಂದಳು ಕೊನೆಗೆ. "ನನಗೆ ಹೇಳೋದು ಬಹಳ ಇದೆ. ಅಂಚೆ ಪೆಟ್ಟಿಗೆ ಬರೀ ಮೊದಲನೇದು."

"ಎದ್ದು ಹೋಗಲ್ಲ."

"ಫೋನು?"

ಜೇಬಿನಿಂದ ತೆಗೆದು ಕೊಟ್ಟೆ. ಅದನ್ನು ಏಪ್ರನ್ನಿನ ಜೇಬಿಗೆ ಇಳಿಸಿ, ದಾರಿ ಬಿಟ್ಟಳು. "ಚಳಿ ಒಳಗೆ ಬರ್ತಿದೆ. ಬೂಟು ಬಿಚ್ಚಿ ಬಾ."

ಮೆಟ್ಟಿಲ ಮೇಲೆ ಕೂತು ದಾರ ಬಿಚ್ಚತೊಡಗಿದೆ. ಬೆರಳು ಚಳಿಗೆ ಸೆಟೆದಿದ್ದವು, ಗಂಟು ಬಿಡಲಿಲ್ಲ. ಎರಡನೇ ಬೂಟು ಕಳಚುವಷ್ಟರಲ್ಲಿ ಅವಳು ಶುರು ಮಾಡಿಯೇಬಿಟ್ಟಿದ್ದಳು.